ದಿನಾಂಕ ಬದಲಿಸದೆ ತಿದ್ದುಪಡಿ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ವಕೀಲರ ಸಂಘದ ಕಾರ್ಯದರ್ಶಿಯ ಫೋನು. "ನಿಮ್ಮ ಬ್ಲಾಗನ್ನ ಸಂಘದ ಜಾಲತಾಣದಲ್ಲಿ ಮೊದಲನೇ ಪುಟದಲ್ಲೇ ಹಾಕೋಣ ಅಂತಿದೀವಿ. ಶನಿವಾರ ಸಮಿತಿಯವರು ಒಂದ್ಸಲ ಎಲ್ಲಾ ಬರಹ ನೋಡ್ತಾರೆ, ಅಷ್ಟೇ" ಎಂದರು. ನಾನು "ನೋಡ್ಲಿ ಬಿಡಿ" ಎಂದೆ, ದಿನಕ್ಕೆ ನಾಲ್ಕು ಸಲ ಇಂಥ ಫೋನು ಬರುವವನ ಹಾಗೆ. ಫೋನಿಟ್ಟ ಮೇಲೆ ಬಾಯಿ ತುಂಬ ನೊರೆ ಇಟ್ಟುಕೊಂಡೇ ನನ್ನಾಕೆಯ ಹತ್ತಿರ ಓಡಿದೆ. "ಮೊದಲು ಉಗುಳಿ ಬನ್ನಿ" ಎಂದಳು.

ಮೂವತ್ತೊಂದು ವರ್ಷ ಕರಿಕೋಟು ಹಾಕಿದ್ದೇನೆ. ಕೋರ್ಟಿನ ಜವಾನ ಇವತ್ತಿಗೂ ನನ್ನ ಹೆಸರನ್ನು ತಪ್ಪಾಗಿಯೇ ಕೂಗುತ್ತಾನೆ. 'ಬಿಚ್ಚಿದ ಕಡತ' ಶುರು ಮಾಡಿ ನಾಲ್ಕೇ ವರ್ಷ. ಈಗ ಕಾಣದ ಊರುಗಳ ಜನ ನನ್ನ ಮಾತು ಓದಿ ಕೋರ್ಟಿಗೆ ಹೋಗುತ್ತಾರೆ. ವಕೀಲರು ದುಡ್ಡು ತೆಗೆದುಕೊಂಡು ಹೇಳುವುದನ್ನು ನಾನು ಪುಕ್ಕಟೆ ಹೇಳುತ್ತೇನೆ, ಅದೂ ಅರ್ಥವಾಗುವ ಕನ್ನಡದಲ್ಲಿ. ಇದರಲ್ಲಿ ಬೀಗುವುದೇನು ತಪ್ಪು?

ವಕೀಲರಿಗೆಂದೇ ಮಾಡಿದ ಟೂಲುಗಳನ್ನು ಒಂದೊಂದಾಗಿ ಕಲಿತೆ. ಈ ವಯಸ್ಸಿನಲ್ಲಿ ಕಲಿತೆನೆಂಬುದೇ ಒಂದು ಹೆಮ್ಮೆ. ಒಂದು ಟೂಲು ಪ್ರತಿ ಸೋಮವಾರ ಹಳೆಯ ಬರಹಗಳ ಮೇಲೆ 'ನವೀಕರಿಸಿದ್ದು' ಎಂದು ಆ ದಿನದ ತಾರೀಖು ಹಾಕುತ್ತದೆ. ಒಳಗೆ ಒಂದಕ್ಷರವೂ ಬದಲಾಗುವುದಿಲ್ಲ, ಆದರೆ ಹುಡುಕುವವರಿಗೆ ನನ್ನ ಪುಟ ಮೊದಲು ಸಿಗುತ್ತದೆ. ಬ್ಲಾಗು ನಡೆಸುವ ವಕೀಲರೆಲ್ಲ ಮಾಡುವುದು ಇದನ್ನೇ. ನನ್ನಾಕೆ ಇದಕ್ಕೆ "ಹಳೇ ಅಂಗಿಗೆ ಇಸ್ತ್ರಿ" ಎನ್ನುತ್ತಾಳೆ. ಇಪ್ಪತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು, ಅವಳಿಗೆ ಎಲ್ಲದರಲ್ಲೂ ತಪ್ಪೇ ಕಾಣುತ್ತದೆ. ನನ್ನ ಬರಹವೂ ಅವಳು ಓದದೆ ಹೊರಗೆ ಹೋಗುವುದಿಲ್ಲ ಅನ್ನಿ.

ಇನ್ನೊಂದು ಟೂಲು ಓದುಗರ ಪ್ರಶ್ನೆಗಳಿಗೆ ತಾನೇ ಉತ್ತರ ಕೊಡುತ್ತದೆ. ಇವತ್ತು 'ಸೂಜಿದಾರ' ಎಂಬ ಹೆಸರಿನಲ್ಲಿ ಯಾರೋ ಹೆಂಗಸು ಪೋಷಕತ್ವದ ಬರಹದ ಕೆಳಗೆ ಕೇಳಿದ್ದಾಳೆ: "ಸಾರ್, ನಮ್ಮ ತಮ್ಮನ ವಿಷಯದಲ್ಲಿ ಆರ್ಡರ್ ಆಗಿದೆ. ಮೇಲ್ಮನವಿಗೆ ನೀವು ಹೇಳಿರುವ ತೊಂಬತ್ತು ದಿನದಲ್ಲಿ ಭಾನುವಾರಗಳೂ ಸೇರುತ್ತವಾ?" ಟೂಲು ಅರೆಕ್ಷಣದಲ್ಲಿ ಹೇಳಿಬಿಟ್ಟಿದೆ: "ಧನ್ಯವಾದ. ಬರಹದಲ್ಲಿರುವ ಮಾಹಿತಿ ಇತ್ತೀಚಿನದು. ನಂಬಿಕೆಯಿಂದ ಮುಂದುವರಿಯಿರಿ." ಎಷ್ಟು ಮರ್ಯಾದೆಯ ಟೂಲು! ನಾನಾದರೆ ಗೊಣಗುತ್ತಿದ್ದೆ.

ಫೆಬ್ರವರಿ 6, ಗುರುವಾರ

ಶನಿವಾರ ಸಮಿತಿ ನೋಡುತ್ತದೆಂದು ಒಂದೊಂದೇ ಬರಹ ತೆಗೆದು ಪರಿಶೀಲಿಸುತ್ತ ಕೂತಿದ್ದೆ. ಪೋಷಕತ್ವದ ಬರಹವನ್ನು ಎರಡೆರಡು ಸಲ ಓದಿದೆ.

ಮೇಲ್ಮನವಿಗೆ ಈಗ ತೊಂಬತ್ತು ದಿನವಿಲ್ಲ. ಕಳೆದ ಜೂನ್‌ನಲ್ಲಿ ಕಾನೂನು ತಿದ್ದಿ ಮೂವತ್ತಕ್ಕೆ ಇಳಿಸಿದ್ದಾರೆ. ಆ ತಿದ್ದುಪಡಿಯ ಪ್ರತಿ ನನ್ನ ಮೇಜಿನ ಮೇಲೆಯೇ ಇದೆ, ಅದರ ಮೇಲೆ ಲೋಟವಿಟ್ಟ ಉಂಗುರದ ಗುರುತೂ ಇದೆ. ಬರಹದಲ್ಲಿ ಮಾತ್ರ ತೊಂಬತ್ತು. ಮೇಲ್ಗಡೆ ಠೀವಿಯಿಂದ 'ನವೀಕರಿಸಿದ್ದು: ಫೆಬ್ರವರಿ 3'. ಎಂಟು ತಿಂಗಳಿಂದ ಪ್ರತಿ ಸೋಮವಾರ ಈ ಸುಳ್ಳಿಗೆ ನಾನೇ ಹೊಸ ತಾರೀಖು ಹಾಕಿಸಿದ್ದೇನೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ತಿದ್ದಲು ಹೋದರೆ ಟೂಲು ಎರಡು ದಾರಿ ತೋರಿಸಿತು. 'ತಿದ್ದುಪಡಿ ಸೂಚನೆಯೊಂದಿಗೆ ಪ್ರಕಟಿಸು.' 'ದಿನಾಂಕ ಬದಲಿಸದೆ ತಿದ್ದು.' ಮೊದಲನೆಯದನ್ನು ಒತ್ತಿದರೆ ಬರಹದ ನೆತ್ತಿಯ ಮೇಲೆ ಕೆಂಪು ಪಟ್ಟಿ ಬರುತ್ತದೆ: ಈ ಬರಹದಲ್ಲಿ ತಪ್ಪಿತ್ತು, ಹಿಂದೆ ಓದಿದವರು ಗಮನಿಸಿ. ಶನಿವಾರ ಸಮಿತಿಯ ಕಣ್ಣಿಗೆ ಬೀಳುವುದು ಆ ಕೆಂಪು ಪಟ್ಟಿಯೇ. ಎರಡನೆಯದನ್ನು ಒತ್ತಿದೆ. ಮುಖ್ಯವಾದದ್ದು ಸರಿಯಾದ ಮಾಹಿತಿ, ಅದೀಗ ಸರಿಯಾಗಿದೆ. ಸೋಮವಾರದ ಇಸ್ತ್ರಿಯನ್ನೂ ನಿಲ್ಲಿಸಿದೆ. ಸಾಕು ಅದರ ಸಹವಾಸ.

ಆ ಸೂಜಿದಾರದವಳಿಗೆ ಒಂದು ಸಾಲು ಬರೆಯಬೇಕು. ಅವಳ ಆದೇಶ ಯಾವಾಗ ಆದದ್ದೋ ಏನೋ. ನಾಳೆ ಬರೆಯುತ್ತೇನೆ.

ಫೆಬ್ರವರಿ 8, ಶನಿವಾರ

ಸಮಿತಿಯ ಮೂವರು ಬಂದಿದ್ದರು. ಅರ್ಧ ಗಂಟೆ ನೋಡಿ ಮುಕ್ಕಾಲು ಗಂಟೆ ಹೊಗಳಿದರು. ಒಬ್ಬರು ಪೋಷಕತ್ವದ ಬರಹವನ್ನೇ ತೆಗೆದು, "ನೋಡಿ, ಹೊಸ ತಿದ್ದುಪಡಿನೂ ಬಿಟ್ಟಿಲ್ಲ, ಎಷ್ಟು ಚುರುಕು" ಎಂದರು. ನಾನು ಕೈ ಮುಗಿದೆ. ಒಳಗೆಲ್ಲೋ ಚುಚ್ಚಿತು, ಸುಳ್ಳೇಕೆ.

ಅವರು ಬರುವ ಮೊದಲು ಆ ಬರಹದ ಕೆಳಗಿನ ಪ್ರಶ್ನೋತ್ತರಗಳನ್ನೆಲ್ಲ ಅಳಿಸಿದ್ದೆ. ತೊಂಬತ್ತು, ತೊಂಬತ್ತು ಎಂದು ಹತ್ತಾರು ಜನ ಕೇಳಿಕೊಂಡಿದ್ದರು, ನೋಡುವವರಿಗೆ ಗೊಂದಲವಾಗುತ್ತಿತ್ತು. ಸೂಜಿದಾರದವಳ ಇಮೇಲ್ ವಿಳಾಸವೂ ಅದರೊಂದಿಗೇ ಹೋಯಿತು. ಗಮನಕ್ಕೆ ಬಂದಾಗ ತಡವಾಗಿತ್ತು. ಅವಳಿಗೆ ನಿಜವಾಗಿ ಬೇಕಾದರೆ ಇನ್ನೊಮ್ಮೆ ಬಂದು ಓದುತ್ತಾಳೆ.

ಫೆಬ್ರವರಿ 17, ಸೋಮವಾರ

ಸಂಘದ ಮೊದಲ ಪುಟದಲ್ಲಿ 'ಬಿಚ್ಚಿದ ಕಡತ'. ಪಕ್ಕದಲ್ಲಿ ನನ್ನ ಭಾವಚಿತ್ರ, ಹತ್ತು ವರ್ಷ ಹಿಂದಿನದು. ಜವಾನ ಇವತ್ತು ನನ್ನ ಹೆಸರನ್ನು ಸರಿಯಾಗಿ ಕೂಗಿದ.

ಮಾರ್ಚ್ 21, ಶುಕ್ರವಾರ

ಚಶ್ಮಾ ಬಂದಿದ್ದಳು. ಆರು ವರ್ಷ ನನ್ನ ಕೈಕೆಳಗೆ ಕೆಲಸ ಕಲಿತು ಈಗ ಸ್ವಂತ ಕಚೇರಿ ಮಾಡಿಕೊಂಡ ಹುಡುಗಿ. ದಪ್ಪ ಕನ್ನಡಕಕ್ಕೆ ನಾನೇ ಇಟ್ಟ ಹೆಸರು, ಈಗ ಕೋರ್ಟಿಗೆಲ್ಲ ಅದೇ. ಬಂದವಳು ಕೂರಲೂ ಇಲ್ಲ.

"ಸರ್, ಒಂದು ಕೇಸು ಬಂದಿದೆ. ಹೊಲಿಗೆ ಕೆಲಸದ ಹೆಂಗಸು. ಅವಳ ತಮ್ಮ ಇದಾನೆ, ಮೂವತ್ತು ದಾಟಿದೆ, ಬುದ್ಧಿ ಏಳು ವರ್ಷದ್ದು. ಅಪ್ಪ ಅಮ್ಮ ಹೋದ ಮೇಲೆ ಇವಳೇ ನೋಡ್ಕೊಂಡಿರೋದು. ದೊಡ್ಡಕ್ಕ ಒಬ್ಬಳು ಕೋರ್ಟಿಗೆ ಹೋಗಿ ಪೋಷಕತ್ವ ತಗೊಂಡ್ಲು. ಅವನನ್ನ ದೂರದ ಯಾವುದೋ ಆಶ್ರಮಕ್ಕೆ ಸೇರಿಸ್ತಾಳಂತೆ. ಜನವರಿ ಹದಿಮೂರಕ್ಕೆ ಆರ್ಡರು."

"ಮೇಲ್ಮನವಿ ಹಾಕು ಮತ್ತೆ."

"ಅದೇ ಸರ್ ತೊಂದರೆ. ಹಳೇ ವಕೀಲ ಫೋನೇ ಎತ್ತಲ್ಲ. ಇವಳು ತೊಂಬತ್ತು ದಿನ ಇದೆ ಅಂದ್ಕೊಂಡು ಡಾಕ್ಟರ ಹತ್ರ ಕಾಗದ ಮಾಡಿಸ್ತಾ ಕೂತಿದ್ಲು. ನಿನ್ನೆ ನನ್ನ ಹತ್ರ ಬಂದ್ಲು, ಅರವತ್ತಾರನೇ ದಿನ." ಅವಳು ಕನ್ನಡಕ ತೆಗೆದು ಒರೆಸಿದಳು. "ತೊಂಬತ್ತು ಅಂತ ನಿಮ್ಮ ಬ್ಲಾಗಲ್ಲಿ ಓದಿದೆ ಅಂತಾಳೆ ಸರ್. ಅಲ್ಲೇ ಪ್ರಶ್ನೆನೂ ಕೇಳಿದ್ಲಂತೆ, ಸೂಜಿದಾರ ಅಂತ ಹೆಸರಲ್ಲಿ. ನಂಬಿ ಅಂತ ಉತ್ತರ ಬಂತಂತೆ. ನಾನು ನೋಡಿದ್ರೆ ಮೂವತ್ತು ಅಂತಲೇ ಇದೆ, ಪ್ರಶ್ನೆ ಎಲ್ಲೂ ಇಲ್ಲ. ಹಿಂದೆ ತೊಂಬತ್ತು ಅಂತ ಇತ್ತಾ?"

"ಎಷ್ಟು ಬರಹ ಇದೆಯಮ್ಮಾ, ಎಲ್ಲಾ ತಲೇಲಿರುತ್ತಾ? ನೋಡಿ ಹೇಳ್ತೀನಿ" ಎಂದೆ.

"ಇತ್ತು ಅಂತ ನೀವೊಂದು ಅಫಿಡವಿಟ್ ಕೊಟ್ರೆ ಸಾಕು ಸರ್. ಸರಿಯಾದ ಕಾರಣ ಇದ್ರೆ ತಡ ಮನ್ನಿಸ್ತಾರೆ. ಬೇರೆ ದಾರಿ ಇಲ್ಲ ಅವಳಿಗೆ."

ಅವಳು ಹೋದ ಮೇಲೆ ಬೆರಳು ಮಡಚಿ ಎಣಿಸಿದೆ. ಜನವರಿ ಹದಿಮೂರರಿಂದ ಮೂವತ್ತು ದಿನವೆಂದರೆ ಫೆಬ್ರವರಿ ಹನ್ನೆರಡು. ನಾನು ತಿದ್ದಿದ್ದು ಆರಕ್ಕೆ. ಅಂದು ಅವಳಿಗೆ ಇನ್ನೂ ಆರು ದಿನವಿತ್ತು. ಒಂದು ಸಾಲು ಬರೆದಿದ್ದರೆ ಸಾಕಿತ್ತು. ದೇವರೇ, ಒಂದೇ ಸಾಲು.

ಮಾರ್ಚ್ 22, ಶನಿವಾರ

ನನ್ನಾಕೆಗೆ ಹೇಳಿದೆ. ಪೂರ್ತಿ ಹೇಳಲಿಲ್ಲ, ಯಾರೋ ಹೀಗೆ ಆರೋಪ ಮಾಡುತ್ತಿದ್ದಾರೆ ಎಂದಷ್ಟೇ.

"ಆರೋಪ ಏನ್ರೀ ಬಂತು? ತೊಂಬತ್ತು ಅಂತಲೇ ಇತ್ತು. ಕರಡು ಓದಿದವಳು ನಾನು. ಅಂಕಿ ಬೇಡ, ಅಕ್ಷರದಲ್ಲೇ ಬರೀರಿ ಅಂತ ನಿಮಗೆ ಹೇಳಿದ್ದೂ ನಾನೇ."

"ಅದು ನಾಲ್ಕು ವರ್ಷದ ಹಿಂದೆ."

"ಮತ್ತೆ ಯಾವಾಗ ತಿದ್ದಿದ್ರಿ?"

ಕಡತ ಹುಡುಕುವ ನೆಪ ಹೇಳಿ ಎದ್ದು ಬಂದೆ. ಕರಡು ತಿದ್ದುವವರ ಜೊತೆ ಸಂಸಾರ ಮಾಡುವುದು ಸುಲಭವಲ್ಲ.

ಮಾರ್ಚ್ 24, ಸೋಮವಾರ

ಅಫಿಡವಿಟ್ ಬರೆದೆ. ಹೌದು, ಕೂತು ಪೂರ್ತಿ ಬರೆದೆ. 'ಸದರಿ ಬರಹದಲ್ಲಿ ಫೆಬ್ರವರಿ ಆರರವರೆಗೆ ತೊಂಬತ್ತು ದಿನಗಳೆಂದೇ ಇತ್ತು. ತಪ್ಪು ನನ್ನದು.' ಓದಿದರೆ ಯಾರದೋ ಶ್ರಾದ್ಧಪತ್ರದ ಹಾಗಿತ್ತು. ಇದು ಕೋರ್ಟಿಗೆ ಹೋದರೆ ಸಂಜೆಯೊಳಗೆ ಸಂಘಕ್ಕೆ ಮುಟ್ಟುತ್ತದೆ. ತಪ್ಪಾಗಿದ್ದಕ್ಕೆ ಕ್ಷಮೆಯಿದೆ, ಮುಚ್ಚಿಟ್ಟದ್ದಕ್ಕೆ ಇಲ್ಲ. ಮೊದಲ ಪುಟದಿಂದ ಇಳಿಸುತ್ತಾರೆ, ಶಿಸ್ತು ಸಮಿತಿ ಕರೆಯುತ್ತದೆ, ಮಿಕ್ಕ ಇನ್ನೂರು ಬರಹಗಳನ್ನೂ ಯಾರೂ ನಂಬುವುದಿಲ್ಲ. ಇನ್ನೂರು ಬರಹ ಸಾವಿರಾರು ಜನಕ್ಕೆ ದಾರಿ ತೋರಿಸುತ್ತಿವೆ. ಒಬ್ಬಳಿಗಾಗಿ ಅಷ್ಟೂ ಜನರ ಕೈ ಬಿಡುವುದು ನ್ಯಾಯವೇ? ಇದೂ ಯೋಚಿಸಬೇಕಾದ ಮಾತೇ.

ಕಾಗದವನ್ನು ಖಾನೆಯಲ್ಲಿಟ್ಟಿದ್ದೇನೆ.

ಮಾರ್ಚ್ 26, ಬುಧವಾರ

ಕೊಟ್ಟೇಬಿಡೋಣವೆಂದು ಅಫಿಡವಿಟ್ ಜೇಬಿನಲ್ಲಿಟ್ಟುಕೊಂಡು ಚಶ್ಮಾಳ ಕಚೇರಿಗೆ ಹೋದೆ. ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಚಶ್ಮಾ ಇನ್ನೂ ಕೋರ್ಟಿನಿಂದ ಬಂದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು, ಪಕ್ಕದಲ್ಲಿ ನೀಟಾಗಿ ತಲೆ ಬಾಚಿಸಿಕೊಂಡ ದೊಡ್ಡ ಗಂಡಸು. ಅವನು ನನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದ. ನಾಲ್ಕಿರಬೇಕಾದಲ್ಲಿ ಮೂರಿದ್ದವು. ಅವನಿಗೆ ತುಂಬಾ ಬೇಸರವಾಯಿತು.

"ಬಿಡೋ ಪುಟ್ಟಾ, ದೊಡ್ಡವರು" ಎಂದು ಅವಳು ಅವನ ಕೈ ಹಿಡಿದಳು. ಆಮೇಲೆ ನನಗೆ, "ಬೇಜಾರು ಮಾಡ್ಕೋಬೇಡಿ ಅಣ್ಣಾ. ನಮ್ಮನೇಲಿ ದಿನಾ ಇದೇ ಕೆಲಸ ಅವನಿಗೆ. ನಾನು ಹೊಲಿದ ಅಂಗಿಗಳ ಗುಂಡಿ ಎಣಿಸಿ, ಸರಿ ಇದ್ರೆ ಮಡಚಿಡ್ತಾನೆ. ಇವತ್ತಿನವರೆಗೆ ಒಂದೂ ತಪ್ಪಿಲ್ಲ" ಎಂದಳು.

ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಹತ್ತು ವರ್ಷ ಹಿಂದಿನ ಭಾವಚಿತ್ರ ನೋಡಿ ಯಾರಿಗೆ ತಾನೇ ಗುರುತು ಸಿಗುತ್ತದೆ? ಚೀಲದಿಂದ ಅಳತೆ ಪುಸ್ತಕ ತೆಗೆದು ತೋರಿಸಿದಳು. ಎದೆ, ತೋಳು, ಉದ್ದಗಳ ನಡುವೆ ಒಂದು ಪುಟದಲ್ಲಿ ಬರೆದಿತ್ತು: 'ತಮ್ಮನ ಕೇಸು. ತೊಂಬತ್ತು ದಿನ. ಭಾನುವಾರ ಸೇರಿ ಏಪ್ರಿಲ್ 13.' ಕೆಳಗೆ ಎರಡು ಗೆರೆ. "ಓದ್ತಾ ಓದ್ತಾ ಬರ್ಕೊಂಡಿದ್ದು ಅಣ್ಣಾ. ಅಳತೆ ಬರ್ಕೊಳ್ಳೋವಾಗ ಯಾವತ್ತೂ ತಪ್ಪು ಮಾಡಿದವಳಲ್ಲ ನಾನು. ಈಗ ಅಂಥ ಬರಹವೇ ಇಲ್ಲ ಅಂತಾರೆ. ಅವನು ಒಂದು ರಾತ್ರಿನೂ ನನ್ನ ಬಿಟ್ಟು ಇದ್ದವನಲ್ಲ. ಅಲ್ಲಿ ಯಾರು ಅವನಿಗೆ ಅನ್ನ ಕಲಸಿ ಕೊಡ್ತಾರೆ?"

ಜೇಬಿನೊಳಗೆ ಕಾಗದ ಮುಟ್ಟಿದೆ, ಎರಡು ಸಲ. "ಎಲ್ಲ ಒಳ್ಳೇದಾಗುತ್ತೆ, ಧೈರ್ಯವಾಗಿರಿ" ಎಂದು ಎದ್ದೆ. ಚಶ್ಮಾ ಎಷ್ಟು ಹೊತ್ತಿಗೆ ಬರುತ್ತಾಳೋ, ಕಾಯುತ್ತ ಕೂರಲು ನನ್ನ ಸೊಂಟ ಬಿಡಬೇಕಲ್ಲ.

ಮಾರ್ಚ್ 28, ಶುಕ್ರವಾರ

ಸೈಟು ಬಹಳ ನಿಧಾನವಾಗಿತ್ತು. ಬರಹಗಳ ಹಳೆಯ ಪ್ರತಿಗಳನ್ನೆಲ್ಲ ಟೂಲು ಕೂಡಿಟ್ಟುಕೊಂಡಿರುತ್ತದೆ, ಅದೇ ಭಾರ. ಎಲ್ಲವನ್ನೂ ತೆಗೆದೆ. 'ಖಾಯಂ ಆಗಿ ಅಳಿಸಲೇ?' ಎಂದು ಕೇಳಿತು. ಹೌದು ಎಂದೆ. ಈಗ ಪುಟಗಳು ಸರಸರ ತೆರೆಯುತ್ತಿವೆ.

ಮಾರ್ಚ್ 29, ಶನಿವಾರ

ಚಶ್ಮಾಗೆ ಫೋನು ಮಾಡಿದೆ. "ನೋಡಮ್ಮಾ, ಪೂರ್ತಿ ಪರಿಶೀಲಿಸಿದೆ. ನನ್ನ ಹತ್ರ ಇರೋ ದಾಖಲೆಯಲ್ಲಿ ಮೂವತ್ತು ಅಂತಲೇ ಇದೆ. ಬೇರೆ ಪ್ರತಿ ಯಾವುದೂ ಇಲ್ಲ" ಎಂದೆ. ಒಂದಕ್ಷರವೂ ಸುಳ್ಳಲ್ಲ.

"ಹಳೇ ಪುಟಗಳನ್ನ ಉಳಿಸಿಡೋ ಒಂದು ತಾಣ ಇದೆಯಲ್ಲ ಸರ್, ಅಲ್ಲೂ ಹುಡುಕಿದೆ. ನಿಮ್ಮ ಬ್ಲಾಗಿಗೆ ಬೀಗ ಹಾಕಿದೆ" ಎಂದಳು. ಅದು ಹಾಕಿದ್ದು ಎರಡು ವರ್ಷದ ಹಿಂದೆ, ನನ್ನ ಬರಹಗಳನ್ನು ಕದ್ದು ತಮ್ಮದೆನ್ನುವವರ ಕಾಟಕ್ಕೆ. ಹಾಗೇ ಹೇಳಿದೆ.

"ಸರಿ ಸರ್. ನೀವು ಹೇಳಿದ ಮೇಲೆ ಮುಗೀತು. ಅವಳಿಗೇ ಏನೋ ಗೊಂದಲ ಆಗಿರಬೇಕು. ಆ ಮಾತು ಅರ್ಜಿಯಲ್ಲಿ ಬೇಡ ಅಂದ್ರೆ ಅವಳು ಕೇಳ್ತಾನೇ ಇಲ್ಲ, ನಾನು ಕಣ್ಣಾರೆ ಕಂಡಿದ್ದೇ ಬರೀರಿ ಅಂತಾಳೆ."

ನನ್ನ ಕೈಯಲ್ಲಿ ಪಳಗಿದ ಹುಡುಗಿ. ನನ್ನನ್ನು ಎಷ್ಟು ನಂಬುತ್ತಾಳೆ! ಕಣ್ಣು ಒದ್ದೆಯಾಯಿತು.

ಏಪ್ರಿಲ್ 1, ಮಂಗಳವಾರ

ಮತ್ತೆ ಖಾನೆಯಲ್ಲೇ ಇಟ್ಟಿದ್ದ ಅಫಿಡವಿಟ್ಟನ್ನು ನನ್ನಾಕೆ ಓದಿದ್ದಾಳೆ. ಕಾಗುಣಿತದ ತಪ್ಪೊಂದನ್ನು ಪೆನ್ಸಿಲಿನಲ್ಲಿ ತಿದ್ದಿ ಮೇಜಿನ ಮೇಲಿಟ್ಟಿದ್ದಳು.

"ಇದು ಯಾವಾಗ ಕೊಡ್ತೀರಿ?"

"ನೀನು ಯಾಕೆ ನನ್ನ ಖಾನೆಗೆ ಕೈ ಹಾಕಿದೆ?"

"ಯಾವಾಗ ಕೊಡ್ತೀರಿ ಅಂತ ಕೇಳಿದೆ."

ನಾನು ಕೂಗಾಡಿದೆ. ನಿನಗೆ ನನ್ನ ಏಳಿಗೆ ಸಹಿಸುವುದಿಲ್ಲ ಎಂದೆಲ್ಲ ಬಾಯಿಗೆ ಬಂದದ್ದನ್ನು ಹೇಳಿದೆ. ತೊಂಬತ್ತು ಇತ್ತೆಂದು ನೀನು ಕನಸು ಕಂಡಿರಬೇಕು, ವಯಸ್ಸಾಯಿತು ಎಂದೂ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಇನ್ಮೇಲೆ ನಿಮ್ಮ ಬರಹ ನಾನು ಓದಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಕಾಗದವನ್ನು ನಾಲ್ಕು ಚೂರು ಮಾಡಿದೆ. ಮನೆಯಲ್ಲಿ ಶಾಂತಿ ಮುಖ್ಯ.

ಏಪ್ರಿಲ್ 8, ಮಂಗಳವಾರ

ಇವತ್ತು ಆ ಹೆಂಗಸಿನ ಅರ್ಜಿ ವಿಚಾರಣೆಗಿತ್ತು. ಪಕ್ಕದ ಕೋರ್ಟ್ ಹಾಲ್‌ನಲ್ಲಿ ನನಗೊಂದು ಕೆಲಸವಿತ್ತು, ಹಾಗೇ ಹಿಂದಿನ ಬೆಂಚಿನಲ್ಲಿ ಕೂತೆ. ದೊಡ್ಡಕ್ಕನ ಪರವಾಗಿ ನಮ್ಮ 'ಗಂಟಲು'. ಅವನ ದನಿ ರಸ್ತೆಯವರೆಗೆ ಕೇಳುತ್ತದೆಂದು ವಕೀಲರೆಲ್ಲ ಹಾಗೇ ಕರೆಯುವುದು. ಅವನು ಕಾಗದವೊಂದನ್ನು ಎತ್ತಿ ಹಿಡಿದ. ದೂರದಿಂದಲೇ ಗುರುತು ಸಿಕ್ಕಿತು, ನನ್ನ ಪುಟ.

"ಸ್ವಾಮಿ, ಫೆಬ್ರವರಿ ಮೂರಕ್ಕೆ ತೊಂಬತ್ತು ದಿನ ಅಂತ ಓದಿದೆ ಅಂತ ಈಕೆ ಪ್ರಮಾಣ ಮಾಡಿ ಹೇಳ್ತಾರೆ. ಇದು ಅದೇ ಬರಹ. ಮೇಲೆ ನೋಡಿ, ನವೀಕರಿಸಿದ್ದು ಫೆಬ್ರವರಿ ಮೂರು. ಒಳಗೆ ನೋಡಿ, ಮೂವತ್ತು ದಿನ. ವಕೀಲರ ಸಂಘವೇ ಮಾನ್ಯ ಮಾಡಿರೋ ಬ್ಲಾಗು ಇದು. ಸುಳ್ಳು ಹೇಳೋದಕ್ಕೂ ಒಂದು ಮಿತಿ ಬೇಡವಾ?"

ಜಡ್ಜರು ಪುಟ ನೋಡಿದರು. ಅವಳ ಕಡೆ ನೋಡಿದರು. ಅವಳು ಅಳತೆ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತ ನಿಂತೇ ಇದ್ದಳು. "ಸ್ವಂತ ಪುಸ್ತಕದಲ್ಲಿ ಯಾರು ಏನು ಬೇಕಾದ್ರೂ ಬರ್ಕೋಬಹುದು" ಎಂದ ಗಂಟಲು. ಚಶ್ಮಾ ತಲೆ ತಗ್ಗಿಸಿ ಕಡತದ ದಾರ ಕಟ್ಟುತ್ತಿದ್ದಳು.

ಎದ್ದು ನಿಂತು ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಎದ್ದೆ ಕೂಡ. ಅಷ್ಟರಲ್ಲಿ ಮುಂದಿನ ಕೇಸು ಕೂಗಿದರು.

ಹೊರಗೆ ಗಂಟಲು ನನ್ನ ಬೆನ್ನು ತಟ್ಟಿದ. "ಗುರುಗಳೇ, ನಿಮ್ಮ ಬ್ಲಾಗು ಇವತ್ತು ನಮ್ಮ ಕೇಸು ಗೆಲ್ಲಿಸ್ತು." ಕಾಫಿ ಕುಡಿಸುತ್ತೇನೆಂದ. ಬೇಡವೆನ್ನಲು ಆಗಲಿಲ್ಲ, ಅನುಮಾನ ಬರುತ್ತಿತ್ತು.

ಏಪ್ರಿಲ್ 22, ಮಂಗಳವಾರ

ಆದೇಶವಾಯಿತು. ಚಶ್ಮಾ ಪ್ರತಿ ಕಳಿಸಿದ್ದಳು. 'ಸುಮಾರು ಒಂದೂವರೆ ತಿಂಗಳ ವಿಳಂಬ ಬಹಳ ದೊಡ್ಡದೇನಲ್ಲ. ಅರ್ಜಿದಾರಳು ತನಗೆ ಕಾನೂನು ತಿಳಿಯದೆಂದು ನಿಜ ಹೇಳಿದ್ದರೆ ನ್ಯಾಯಾಲಯ ಕನಿಕರದಿಂದ ನೋಡುತ್ತಿತ್ತು. ಸುಳ್ಳು ಕಾರಣದೊಂದಿಗೆ ಬಂದವಳು ಕನಿಕರಕ್ಕೆ ಅರ್ಹಳಲ್ಲ. ಅರ್ಜಿ ವಜಾ.'

ಭಾಷೆ ಚೆನ್ನಾಗಿದೆ. ಈ ಜಡ್ಜರು ಅನವಶ್ಯಕವಾಗಿ ಒಂದು ಪದ ಬಳಸುವುದಿಲ್ಲ.

ನನ್ನಾಕೆ ತಂಗಿಯ ಮನೆಗೆ ಹೋಗಿದ್ದಾಳೆ. ಯಾವಾಗ ಬರುವೆಯೆಂದು ಕೇಳಿದೆ. ನೋಡೋಣ ಎಂದಳು.

ಏಪ್ರಿಲ್ 24, ಗುರುವಾರ

ವಿಳಂಬ ಮನ್ನಾದ ಬಗ್ಗೆ ಹೊಸ ಬರಹ ಪ್ರಕಟಿಸಿದೆ. 'ನ್ಯಾಯಾಲಯದ ಮುಂದೆ ನಿಜವನ್ನೇ ಹೇಳಿ.' ಈ ಆದೇಶವನ್ನೇ ಉದಾಹರಣೆಯಾಗಿ ಬಳಸಿದ್ದೇನೆ, ಯಾರ ಗುರುತೂ ಸಿಗದ ಹಾಗೆ. ಒಂದೇ ದಿನದಲ್ಲಿ ಇಷ್ಟೊಂದು ಜನ ಓದಿದ್ದು ಇದೇ ಮೊದಲು. ಕರಡು ನಾನೇ ತಿದ್ದಿಕೊಂಡೆ, ಏನೂ ತೊಂದರೆಯಾಗಲಿಲ್ಲ.

ಏಪ್ರಿಲ್ 28, ಸೋಮವಾರ

ಬ್ಲಾಗಿನ ವಿಳಾಸಕ್ಕೆ ಅವಳ ಪತ್ರ ಬಂದಿದೆ. ಇದ್ದ ಹಾಗೇ ಇಳಿಸುತ್ತೇನೆ.

"ಸಾರ್, ನಾನು ಹೊಲಿಗೆ ಕೆಲಸದವಳು. ನನ್ನ ಕೇಸಿನಲ್ಲಿ ನಿಮ್ಮ ಬ್ಲಾಗಿನ ಹೆಸರು ಹೇಳಿದ್ದೆ. ನಿಮ್ಮಂಥ ದೊಡ್ಡವರ ಮೇಲೆ ಸುಳ್ಳು ಹಾಕಿದೆ ಅಂತ ಎಲ್ಲರೂ ಬೈದರು. ಬೇಕಂತ ಹೇಳಿದ್ದಲ್ಲ ಸಾರ್. ನನಗೆ ಹಾಗೇ ಕಂಡಿತ್ತು. ಆದರೆ ಕೋರ್ಟಲ್ಲಿ ಆ ಪುಟ ನಾನೇ ಓದಿದೆ, ಮೂವತ್ತು ಅಂತ ಸ್ಪಷ್ಟವಾಗಿ ಇದೆ. ಕೆಲಸ ಮಾಡಿ ಮಾಡಿ ಕಣ್ಣು ಮಂಜಾಗಿತ್ತೋ, ಗಾಬರಿಯಲ್ಲಿ ತಲೆ ಕೆಟ್ಟಿತ್ತೋ ಗೊತ್ತಿಲ್ಲ. ಈಗ ಅಳತೆ ತೆಗೆಯುವಾಗಲೂ ಮೂರು ಸಲ ನೋಡುತ್ತೇನೆ, ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ತಮ್ಮನನ್ನು ಶನಿವಾರ ಕರೆದುಕೊಂಡು ಹೋದರು. ಅಳಲಿಲ್ಲ. ಸಂಜೆಗೆ ಬರ್ತೀನಿ ಅಕ್ಕಾ, ಬಾಗಿಲು ಹಾಕಬೇಡ ಅಂದ. ನಾನು ಸರಿಯಾಗಿ ಓದಿದ್ದರೆ ಅವನು ಮನೆಯಲ್ಲೇ ಇರುತ್ತಿದ್ದ. ಅವನ ಹತ್ತಿರ ಕ್ಷಮೆ ಕೇಳೋಣ ಅಂದರೆ ಅವನಿಗೆ ಅರ್ಥವಾಗುವುದಿಲ್ಲ. ಅದಕ್ಕೆ ನಿಮ್ಮ ಹತ್ತಿರವಾದರೂ ಕೇಳುತ್ತಿದ್ದೇನೆ. ದಯವಿಟ್ಟು ಕ್ಷಮಿಸಿ."

ಪಾಪ, ಒಳ್ಳೆಯ ಹೆಂಗಸು. ಇಂಥ ಪತ್ರಕ್ಕೆ ಟೂಲು ಉತ್ತರ ಕೊಡುವುದು ಸರಿಯಲ್ಲವೆಂದು ನಾನೇ ಕೂತು ಬರೆದೆ: "ತಂಗಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗಾಬರಿಯಲ್ಲಿ ಇಂಥ ತಪ್ಪು ಯಾರಿಂದಾದರೂ ಆಗುತ್ತದೆ. ನನಗೆ ನಿಮ್ಮ ಮೇಲೆ ಏನೂ ಕೋಪವಿಲ್ಲ. ಕ್ಷಮಿಸಿದ್ದೇನೆ. ಮುಂದೆ ಎಚ್ಚರದಿಂದ ಓದಿ."

ಎರಡು ಸಲ ಓದಿ ನೋಡಿ ಕಳಿಸಿದೆ. ಮನಸ್ಸು ಹಗುರವಾಯಿತು. ಎಷ್ಟೋ ದಿನಗಳ ಮೇಲೆ ಇವತ್ತು ಮಧ್ಯಾಹ್ನ ಊಟ ರುಚಿಸಿತು, ಮಲಗಿದ ತಕ್ಷಣ ನಿದ್ದೆಯೂ ಬಂತು.